ಇವರು ನಿಮಗೆ ಏನಾಗಬೇಕು?

ಜಾಮೀನು ನಿಲ್ಲಲು ಬಂದವರನ್ನು ನ್ಯಾಯಾಧೀಶರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಇದೇ: ಆರೋಪಿ ನಿಮಗೆ ಏನಾಗಬೇಕು? ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ವಕೀಲಿಕೆ ಮಾಡಿದ ಮೂವತ್ತೊಂದು ವರ್ಷಗಳಲ್ಲಿ ಈ ಪ್ರಶ್ನೆಗೆ ಅಣ್ಣ, ಅಳಿಯ, ಸೋದರಮಾವ, ಬೀಗರು, ಓಣಿಯವರು ಎಂಬ ಉತ್ತರಗಳನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಪಹಣಿ ಹಿಡಿದು ನಿಂತವರ ಮುಖ ನೋಡಿಯೇ ಸಂಬಂಧವನ್ನು ಊಹಿಸಬಲ್ಲೆ. ಒಂದು ಸಲ ಮಾತ್ರ ಊಹೆ ತಪ್ಪಿತು. ಭತ್ತ ಕೊಯ್ಯುವ ಯಂತ್ರದೊಡನೆ ಹೊರರಾಜ್ಯದಿಂದ ಬಂದಿದ್ದ ಒಬ್ಬ ಚಾಲಕ ಹೊಡೆದಾಟದ ಪ್ರಕರಣದಲ್ಲಿ ಸಿಕ್ಕಿಕೊಂಡಿದ್ದ. ಜಾಮೀನು ಮಂಜೂರಾಗಿ ಇಪ್ಪತ್ತಮೂರು ದಿನ ಕಳೆದಿದ್ದರೂ ಸ್ಥಳೀಯ ಶ್ಯೂರಿಟಿ ಸಿಗದೆ ಒಳಗೇ ಉಳಿದಿದ್ದ. ಯಂತ್ರದ ಮಾಲೀಕ ಫೋನ್ ಎತ್ತುವುದನ್ನೇ ನಿಲ್ಲಿಸಿದ್ದ. ಕೊನೆಗೆ ತುರ್ವಿಹಾಳದ ಕಡೆಯ ರೈತರೊಬ್ಬರು ಎರಡೂವರೆ ಎಕರೆಯ ಪಹಣಿ ತಂದು ನಿಂತರು. ಏನಾಗಬೇಕು ಎಂದು ಕೇಳಿದಾಗ ಅವರು ಹೇಳಿದ್ದು, "ಏನೂ ಆಗಬೇಕಾಗಿಲ್ರಿ. ಎರಡು ಸುಗ್ಗಿ ನಮ್ಮ ಹೊಲ ಕೊಯ್ದಾನ. ಕೇಸ್ ಮುಗಿಯೂತನ ನಮ್ಮ ಮನ್ಯಾಗ ಇರ್ತಾನ." ನ್ಯಾಯಾಧೀಶರು ಒಂದು ಗಳಿಗೆ ಸುಮ್ಮನಿದ್ದು, ಪಹಣಿಯ ಸರ್ವೆ ನಂಬರನ್ನು ಗುರುತು ಹಾಕಿಕೊಂಡು ಸಹಿ ಮಾಡಿದರು. ಆ ಚಾಲಕ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಪ್ರಕರಣ ಮುಗಿದ ದಿನ ರೈತರ ಹೆಂಡತಿ ಅವನಿಗೆ ಕಟ್ಟಿಕೊಟ್ಟ ಸಜ್ಜೆ ರೊಟ್ಟಿಯ ಗಂಟಿನಲ್ಲಿ ನನಗೂ ಎರಡು ಬಂದವು.

ಜೀವ ಉಳಿಸಿಕೊಳ್ಳಲು ಪರದೇಶಕ್ಕೆ ಓಡಿಬಂದು, ಕೈಯಲ್ಲಿ ಸರಿಯಾದ ಕಾಗದವಿಲ್ಲವೆಂಬ ಕಾರಣಕ್ಕೆ ಬಂಧನ ಕೇಂದ್ರ ಸೇರಿದವರ ಬಗ್ಗೆ ಓದುವಾಗಲೆಲ್ಲ ನನಗೆ ಆ ರೈತರ ಉತ್ತರ ನೆನಪಾಗುತ್ತದೆ. ಈ ಬಂಧನ ಶಿಕ್ಷೆಯಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಆಶ್ರಯದ ಅರ್ಜಿ ತೀರ್ಮಾನವಾಗುವವರೆಗೆ, ಇಲ್ಲವೇ ತಾಯ್ನಾಡಿಗೆ ವಾಪಸು ಕಳುಹಿಸುವವರೆಗೆ ಮನುಷ್ಯನನ್ನು ಕೈಗೆ ಸಿಗುವಂತೆ ಇರಿಸಿಕೊಳ್ಳುವ ಆಡಳಿತಾತ್ಮಕ ಕ್ರಮವಷ್ಟೇ ಇದು. ಆದರೆ ಶಿಕ್ಷೆಗಾದರೂ ಕೊನೆಯ ದಿನವೊಂದಿರುತ್ತದೆ. ಕೊಲೆ ಮಾಡಿದವನು ಬಿಡುಗಡೆಯ ವರ್ಷವನ್ನು ಬೆರಳಲ್ಲಿ ಎಣಿಸಬಹುದು, ವೀಸಾ ಇಲ್ಲದವನಿಗೆ ಆ ಸೌಲಭ್ಯವಿಲ್ಲ. ಬ್ರಿಟನ್ನಿನ ಕಾನೂನಿನಲ್ಲಿ ಇಂಥ ಬಂಧನಕ್ಕೆ ಇಂತಿಷ್ಟೇ ದಿನ ಎಂಬ ಗರಿಷ್ಠ ಮಿತಿ ಇಲ್ಲ. ಆಸ್ಟ್ರೇಲಿಯಾ 1992ರಿಂದ ವೀಸಾ ಇಲ್ಲದೆ ಬಂದವರನ್ನು ಕಡ್ಡಾಯವಾಗಿ ಬಂಧನದಲ್ಲಿರಿಸುವ ಕಾನೂನನ್ನೇ ಮಾಡಿಕೊಂಡಿದೆ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ ಅದರ 1967ರ ಪೂರಕ ಒಡಂಬಡಿಕೆಗಾಗಲಿ ಸಹಿ ಹಾಕಿಲ್ಲವಾದ್ದರಿಂದ, ನಮ್ಮ ಕಾನೂನಿನ ಕಣ್ಣಿಗೆ ಪ್ರವಾಸಿ, ವಿದ್ಯಾರ್ಥಿ, ಪ್ರಾಣಭಯದಿಂದ ಓಡಿಬಂದವ ಎಲ್ಲರೂ ಒಂದೇ, ಎಲ್ಲರೂ 'ವಿದೇಶಿಯರು'. 1946ರ ಕಾಯ್ದೆ ಹೀಗೇ ನೋಡುತ್ತಿತ್ತು. ಅದರ ಜಾಗಕ್ಕೆ ಬಂದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯೂ ಹೀಗೇ ನೋಡುತ್ತದೆ.

ಕೂಡಿಹಾಕುವುದಕ್ಕೆ ಸರ್ಕಾರಗಳು ಕೊಡುವ ಮುಖ್ಯ ಕಾರಣ, ಬಿಟ್ಟರೆ ಪರಾರಿಯಾಗುತ್ತಾರೆ ಎಂಬುದು. ಪರಾರಿಯಾಗುತ್ತಾರೆಂದು ನಂಬಲು ಕಾರಣವೇನು ಎಂದು ಕೇಳಿದರೆ, ಅವರಿಗೆ ಇಲ್ಲಿ ವಿಳಾಸವಿಲ್ಲ ಎಂಬ ಉತ್ತರ ಬರುತ್ತದೆ. ವಕೀಲನಾದವನಿಗೆ ಇದು ಪರಿಚಿತ ರಾಗ. ವಿಳಾಸವಿಲ್ಲದವನನ್ನು ಒಳಗಿಡುತ್ತೇವೆ, ಒಳಗಿರುವವನಿಗೆ ವಿಳಾಸ ಹುಟ್ಟುವುದಿಲ್ಲ, ಆದ್ದರಿಂದ ಇನ್ನಷ್ಟು ದಿನ ಒಳಗಿಡುತ್ತೇವೆ. ಈ ಸುತ್ತನ್ನು ಕಡಿಯಲು ಬೇಕಾದದ್ದು ಹೊಸ ಕಟ್ಟಡವಲ್ಲ, ಒಂದು ಮನೆಯ ಬಾಗಿಲು ಸಂಖ್ಯೆ. ಖಾಸಗಿ ಮನೆಗಳಲ್ಲಿ ನಿರಾಶ್ರಿತರನ್ನು ಇರಿಸಿಕೊಳ್ಳುವ ವ್ಯವಸ್ಥೆಯನ್ನು ನಾನು ಬೆಂಬಲಿಸುವುದು ದಯೆ ದಾಕ್ಷಿಣ್ಯಗಳ ಹೆಸರಿನಲ್ಲಲ್ಲ, ಈ ಲೆಕ್ಕದಲ್ಲಿ. ಮನೆಯವರು ಕೊಡುವುದು ಅನ್ನಕ್ಕಿಂತ ಹೆಚ್ಚಾಗಿ ವಿಳಾಸ.

ನಮ್ಮ ಸುಪ್ರೀಂ ಕೋರ್ಟೇ ಒಮ್ಮೆ ಈ ದಾರಿಯಲ್ಲಿ ಅರ್ಧ ನಡೆದಿದೆ. ಅಸ್ಸಾಮಿನ ಬಂಧನ ಕೇಂದ್ರಗಳಲ್ಲಿ ಮೂರು ವರ್ಷ ಮೀರಿ ಇದ್ದವರನ್ನು ಷರತ್ತಿನ ಮೇಲೆ ಬಿಡಬಹುದೆಂದು 2019ರ ಮೇ 10ರಂದು ಅದು ಆದೇಶಿಸಿತು. ತಲಾ 1 ಲಕ್ಷ ರೂಪಾಯಿಗೆ ಇಬ್ಬರು ಭಾರತೀಯ ಪ್ರಜೆಗಳ ಜಾಮೀನು, ಬೆರಳಚ್ಚು ಮತ್ತು ಕಣ್ಣಿನ ಗುರುತು, ವಾರಕ್ಕೊಮ್ಮೆ ಠಾಣೆಗೆ ಹಾಜರಿ, ಮತ್ತು ಬಿಡುಗಡೆಯಾದ ಮೇಲೆ ಉಳಿಯುವ ಸ್ಥಳದ ಪರಿಶೀಲಿಸಬಹುದಾದ ವಿಳಾಸ, ಇವು ಷರತ್ತುಗಳಾಗಿದ್ದವು. ಕೋವಿಡ್ ಬಂದಾಗ, 2020ರ ಏಪ್ರಿಲ್ 13ರಂದು, ಮೂರು ವರ್ಷವನ್ನು ಎರಡಕ್ಕೆ, 1 ಲಕ್ಷವನ್ನು 5 ಸಾವಿರಕ್ಕೆ ಇಳಿಸಿತು. ಆ ಆದೇಶದ ಷರತ್ತುಗಳನ್ನು ಓದಿದರೆ ನಮ್ಮ ಸಿಂಧನೂರಿನ ಯಾವುದೋ ಜಾಮೀನು ಆದೇಶ ಓದಿದಂತೆಯೇ ಇರುತ್ತದೆ. ವಿದೇಶಿಯೆಂದು ತೀರ್ಮಾನವಾದವನನ್ನೂ ಜಾಮೀನಿನ ಮೇಲೆ ಮನೆಯಲ್ಲಿರಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಆದರೆ ಅಸ್ಸಾಮಿನ ಆ ಜನರಲ್ಲಿ ಬಹುಪಾಲು ಮಂದಿಗೆ ಅದೇ ರಾಜ್ಯದಲ್ಲಿ ಹೆಂಡತಿ, ಮಕ್ಕಳು, ಮನೆ ಇದ್ದವು. ಪರದೇಶದಿಂದ ಒಬ್ಬನೇ ಬಂದವನಿಗೆ ಇಬ್ಬರು ಜಾಮೀನುದಾರರೂ ಒಂದು ವಿಳಾಸವೂ ಎಲ್ಲಿಂದ ಬರಬೇಕು?

ಕರ್ನಾಟಕದಲ್ಲಿ ಅಂಥವರಿಗೆ ಸದ್ಯಕ್ಕೆ ಇರುವ ವಿಳಾಸ ನೆಲಮಂಗಲದ ಬಳಿಯ ಸೊಂಡೆಕೊಪ್ಪ. ಅಲ್ಲಿನ ಕಟ್ಟಡ ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವಾಗಿತ್ತು, ಆಮೇಲೆ ಸುತ್ತಲೂ ಮುಳ್ಳುತಂತಿಯ ಗೋಡೆಯೂ ಕಾವಲು ಗೋಪುರಗಳೂ ಬಂದು ವಿದೇಶಿಯರ ಬಂಧನ ಕೇಂದ್ರವಾಯಿತು. ಹಾಸ್ಟೆಲಿನಲ್ಲಿ ಓದಿ ವಕೀಲನಾದ ನನಗೆ ಈ ರೂಪಾಂತರ ಸ್ವಲ್ಪ ಹೆಚ್ಚೇ ಚುಚ್ಚುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ಬೇರೆ ದೇಶಗಳು ಏನು ಮಾಡಿವೆ ಎಂದು ನೋಡಿದರೆ, ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಕಡ್ಡಾಯ ಬಂಧನದ ಆಸ್ಟ್ರೇಲಿಯಾದಲ್ಲೇ ಸಿಗುತ್ತದೆ. ಬಂಧನ ಕೇಂದ್ರಗಳು ತುಂಬಿ ತುಳುಕಿದಾಗ ಅಲ್ಲಿನ ಸರ್ಕಾರ ದೋಣಿಯಲ್ಲಿ ಬಂದ ಹಲವರಿಗೆ ತಾತ್ಕಾಲಿಕ ವೀಸಾ ಕೊಟ್ಟು ಹೊರಗೆ ಬಿಡಲು ಶುರುಮಾಡಿತು. ಹಾಗೆ ಬಿಡುಗಡೆಯಾದವರನ್ನು ಆರು ವಾರಗಳವರೆಗೆ ಸಾಮಾನ್ಯ ಜನರ ಮನೆಗಳಲ್ಲಿ ಇರಿಸುವ ಏರ್ಪಾಡು 2012ರ ಮೇ ತಿಂಗಳಲ್ಲಿ ಬಂತು. ಅದನ್ನು ನಡೆಸಿದ್ದು ವಿದೇಶಿ ವಿದ್ಯಾರ್ಥಿಗಳಿಗೆ ಹೋಂಸ್ಟೇ ಹುಡುಕಿಕೊಡುತ್ತಿದ್ದ ಸಂಸ್ಥೆ. ಮನೆಗಳನ್ನು ಪರಿಶೀಲಿಸುವುದು, ಅತಿಥಿಗೂ ಮನೆಯವರಿಗೂ ನಿಯಮ ತಿಳಿಸುವುದು, ಜಗಳವಾದರೆ ಬೇರೆ ಮನೆ ನೋಡುವುದು, ಇವೆಲ್ಲ ಅದಕ್ಕೆ ಆಗಲೇ ಗೊತ್ತಿದ್ದ ಕೆಲಸಗಳು. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿರಲಿಲ್ಲ ಎಂಬುದೇ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು. ಅದೇ ವರ್ಷದ ಕೊನೆಯೊಳಗೆ ಅದೇ ಸರ್ಕಾರ ನೌರು ಮತ್ತು ಮಾನುಸ್ ದ್ವೀಪಗಳ ಕೇಂದ್ರಗಳನ್ನು ಮತ್ತೆ ತೆರೆಯಿತು. ಎಂದರೆ, ಮನೆಗಳ ಏರ್ಪಾಡು ವಿಫಲವಾಗಿದ್ದರಿಂದ ಜನ ದ್ವೀಪಕ್ಕೆ ಹೋದರೆಂದು ತಿಳಿಯಬಾರದು, ದ್ವೀಪದ ಉದ್ದೇಶವೇ ಬೇರೆ ಇತ್ತು. ಬರಬೇಕೆಂದುಕೊಂಡವರು ನೋಡಿ ಹೆದರಲಿ ಎಂಬುದು ಅದು.

ಪರಾರಿಯ ಭಯದ ಬಗ್ಗೆ ಅಮೆರಿಕದ ಒಂದು ಪ್ರಯೋಗ ನೇರ ಉತ್ತರ ಕೊಡುತ್ತದೆ. ಅಲ್ಲಿ 2016ರ ಜನವರಿಯಿಂದ 2017ರ ಜೂನ್‌ವರೆಗೆ, ಆಶ್ರಯ ಕೋರಿದ ಕುಟುಂಬಗಳನ್ನು ಕೂಡಿಹಾಕುವ ಬದಲು ಹೊರಗಿರಲು ಬಿಟ್ಟು, ಪ್ರತಿ ಕುಟುಂಬಕ್ಕೂ ಒಬ್ಬ ಸಮಾಜ ಕಾರ್ಯಕರ್ತರನ್ನು ಗೊತ್ತುಮಾಡಲಾಯಿತು. ಕಾನೂನು ಏನು ಹೇಳುತ್ತದೆ, ಮುಂದಿನ ತಾರೀಖು ಯಾವುದು, ಮಗುವಿಗೆ ಶಾಲೆ ಎಲ್ಲಿ ಎಂಬುದನ್ನು ಅವರು ನೋಡಿಕೊಳ್ಳುತ್ತಿದ್ದರು. ಶೇ 99ರಷ್ಟು ಮಂದಿ ಅಧಿಕಾರಿಗಳ ಮುಂದೆ ಸರಿಯಾಗಿ ಹಾಜರಾದರು. ಕುಟುಂಬವೊಂದಕ್ಕೆ ದಿನಕ್ಕೆ ಸುಮಾರು 36 ಡಾಲರ್ ಖರ್ಚಾಯಿತು, ಕುಟುಂಬಗಳ ಬಂಧನ ಕೇಂದ್ರದಲ್ಲಿ ಒಂದು ಹಾಸಿಗೆಗೇ 300 ಡಾಲರ್ ಮೀರುತ್ತಿತ್ತು. ಆದರೂ ಸರ್ಕಾರ ಬದಲಾದ ಮೇಲೆ ಅದನ್ನು ನಿಲ್ಲಿಸಲಾಯಿತು. ಅವರೆಲ್ಲ ಅಪರಿಚಿತರ ಮನೆಯಲ್ಲಿ ಉಳಿದವರೇನಲ್ಲ, ಹೆಚ್ಚಿನವರಿಗೆ ನೆಂಟರಿದ್ದರು. ಆದರೆ ತಾರೀಖಿಗೆ ಜನ ತಪ್ಪುವುದು ಮೋಸದಿಂದಲ್ಲ, ಹೆಚ್ಚಿನ ಸಲ ತಿಳಿಯದೆ ಎಂಬುದನ್ನು ಆ ಅಂಕಿ ತೋರಿಸುತ್ತದೆ. ಸಮನ್ಸ್ ಓದಲು ಬಾರದ ಕಕ್ಷಿದಾರರನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಬ್ರಿಟನ್ 2022ರ ಮಾರ್ಚ್‌ನಲ್ಲಿ ಉಕ್ರೇನಿಗಳಿಗೆ ಮನೆ ತೆರೆಯಿರಿ ಎಂದು ಕರೆ ಕೊಟ್ಟಾಗ ಮೊದಲ ದಿನವೇ 1 ಲಕ್ಷಕ್ಕೂ ಹೆಚ್ಚು ಹೆಸರುಗಳು ನೋಂದಣಿಯಾದವು. ಆತಿಥೇಯರಿಗೆ ತಿಂಗಳಿಗೆ 350 ಪೌಂಡ್ ಗೌರವಧನ, ಕನಿಷ್ಠ ಆರು ತಿಂಗಳ ಒಪ್ಪಂದ. ಅಷ್ಟು ಖಾಲಿ ಕೋಣೆಗಳಿದ್ದವು ಎಂಬುದು ಅಲ್ಲಿಯವರೆಗೆ ಯಾವ ಸರ್ಕಾರಕ್ಕೂ ತಿಳಿದಿರಲಿಲ್ಲ. ಅದೇ ಹೊತ್ತಿಗೆ ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬಂದ ಅಫ್ಘನ್ನರಿಗೆ, ಎರಿಟ್ರಿಯದವರಿಗೆ ಆ ಕೋಣೆಗಳ ಬಾಗಿಲು ಈ ಯೋಜನೆಯ ಮೂಲಕ ತೆರೆಯಲಿಲ್ಲ. ಅವರಿಗಿದ್ದದ್ದು ಸರ್ಕಾರ ಹಿಡಿದ ಹೋಟೆಲು, ಹಳೆಯ ಸೇನಾ ವಸತಿ, ಇಲ್ಲವೇ ಬಂಧನ. 'ಇವರು ನಿಮಗೆ ಏನಾಗಬೇಕು' ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ. ಕೆನಡಾದವರು ಮಾತ್ರ ಇದನ್ನು ಬಹಳ ಹಿಂದೆಯೇ ದಾಟಿದ್ದರು. 1979 ಮತ್ತು 80ರಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಬಂದ 60 ಸಾವಿರ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಚರ್ಚುಗಳೂ ಐದೈದು ಜನರ ನಾಗರಿಕ ಗುಂಪುಗಳೂ ಒಂದು ವರ್ಷದ ಹೊಣೆ ಹೊತ್ತು ಕರೆಸಿಕೊಂಡವು. 1986ರಲ್ಲಿ ನಿರಾಶ್ರಿತರ ಸೇವೆಗಾಗಿ ಕೊಡುವ ನಾನ್ಸೆನ್ ಪದಕವನ್ನು ವಿಶ್ವಸಂಸ್ಥೆ ಕೊಟ್ಟದ್ದು ಯಾವ ವ್ಯಕ್ತಿಗೂ ಅಲ್ಲ, ಕೆನಡಾದ ಜನತೆಗೆ.

ಇಷ್ಟು ದೂರ ಹೋಗುವ ಅಗತ್ಯವೇ ಇಲ್ಲ ಎಂದು ನಮ್ಮಜ್ಜಿ ಬದುಕಿದ್ದರೆ ಹೇಳುತ್ತಿದ್ದರು. 1948ರಲ್ಲಿ ರಾಯಚೂರು, ಕೊಪ್ಪಳ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ತುಂಗಭದ್ರೆಯ ಆಚೆ ದಡದ ಸಿರುಗುಪ್ಪ, ಕಂಪ್ಲಿ, ಹೊಸಪೇಟೆಗಳು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಗಲೇ ಸ್ವತಂತ್ರ ಭಾರತವಾಗಿದ್ದವು. ನಿಜಾಮನ ಪರ ನಿಂತಿದ್ದ ರಜಾಕಾರರ ಪಡೆಯ ಹಾವಳಿ ಹೆಚ್ಚಿದಾಗ ಈ ದಡದ ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಹರಿಗೋಲು ಹತ್ತಿ ಹೊಳೆ ದಾಟಿದವು. ಹೋರಾಟಗಾರರು ಮುಂಡರಗಿಯಂಥ ಗಡಿ ಶಿಬಿರಗಳನ್ನು ಸೇರಿದರೆ, ಹೆಂಗಸರು ಮಕ್ಕಳು ಸೇರಿದ್ದು ಯಾರ್ಯಾರದೋ ಮನೆಗಳನ್ನು. ಸೆಪ್ಟೆಂಬರ್ 17ರ ವಿಮೋಚನೆಯ ದಿನ ನಾವು ಶಿಬಿರಗಳನ್ನು ನೆನೆಯುತ್ತೇವೆ, ಆ ಮನೆಗಳನ್ನು ನೆನೆಯುವುದಿಲ್ಲ.

ನಮ್ಮಜ್ಜಿ ಮೂರು ಮಕ್ಕಳನ್ನು ಕಟ್ಟಿಕೊಂಡು ಸಿರುಗುಪ್ಪ ಸೀಮೆಯ ಒಂದು ಹಳ್ಳಿಯಲ್ಲಿ, ದೂರದ ಬಳಗವೂ ಅಲ್ಲದ, ಎತ್ತಿನ ವ್ಯಾಪಾರದಲ್ಲಿ ಅಜ್ಜನಿಗೆ ಪರಿಚಯವಿದ್ದವರ ಮನೆಯಲ್ಲಿ ಐದು ತಿಂಗಳು ಇದ್ದರು. ಅವರು ಹೇಳುತ್ತಿದ್ದ ಕತೆಯಲ್ಲಿ ರಜಾಕಾರರು ಬಂದದ್ದು ಕಡಿಮೆ, ಒಲೆ ಬಂದದ್ದು ಹೆಚ್ಚು. ಮೊದಲ ವಾರ ಆ ಮನೆಯ ಯಜಮಾನಿ ಎಲ್ಲರಿಗೂ ಒಟ್ಟಿಗೇ ರೊಟ್ಟಿ ಬಡಿದರು. ಅಜ್ಜಿ ಕೈಯೊಡ್ಡಿ ಉಂಡರು. ಎರಡನೆಯ ವಾರ ಮಕ್ಕಳು ಇನ್ನೊಂದು ರೊಟ್ಟಿ ಕೇಳಿದಾಗ ಅಜ್ಜಿ ಅವರ ತೊಡೆ ಚಿವುಟಲು ಶುರುಮಾಡಿದರು. ಒಂದು ದಿನ ಯಜಮಾನಿ ಅದನ್ನು ಕಂಡರು. ಏನೂ ಹೇಳಲಿಲ್ಲ. ಮರುದಿನ ದನದ ಕೊಟ್ಟಿಗೆಯ ಪಕ್ಕದ ಅಂಕಣವನ್ನು ಸಾರಿಸಿ, ಮೂರು ಕಲ್ಲಿಟ್ಟು, ಒಂದು ಹೆಂಚು, ಹಿಟ್ಟು ನಾದುವ ಒಂದು ಕೊಣಮಿಗೆ, ಎರಡು ಸೇರು ಜೋಳ ತಂದಿಟ್ಟು, "ಇದು ನಿಂದು" ಎಂದರು. ಅಂದಿನಿಂದ ಅಜ್ಜಿ ಆ ಮನೆಯಲ್ಲಿ ಸದರದಿಂದ ಇದ್ದರಂತೆ. ಮಕ್ಕಳನ್ನು ಬೈದರಂತೆ, ಒಮ್ಮೆ ಯಜಮಾನಿಯೊಡನೆ ನೀರಿನ ಕೊಡಕ್ಕಾಗಿ ಜಗಳವನ್ನೂ ಆಡಿದರಂತೆ. ಜಗಳವಾಡುವಷ್ಟು ಧೈರ್ಯ ಬಂದದ್ದು ಬೇರೆ ಒಲೆಯಿಂದ ಎಂದು ಅವರು ನಗುತ್ತಿದ್ದರು. ಅನ್ನ ಹಾಕುವುದಕ್ಕೂ ಅಡುಗೆಗೆ ಜಾಗ ಕೊಡುವುದಕ್ಕೂ ಇರುವ ಅಂತರವನ್ನು ನಾನು ಕಲಿತದ್ದು ಯಾವ ಕಾನೂನು ಪುಸ್ತಕದಿಂದಲೂ ಅಲ್ಲ.

ಇದೇ ದೇಶ 1971ರಲ್ಲಿ ಒಂದೇ ವರ್ಷದಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು 99 ಲಕ್ಷ ಜನರನ್ನು ಒಳಗೆ ಬಿಟ್ಟುಕೊಂಡಿತು. ಅವರಲ್ಲಿ 68 ಲಕ್ಷದಷ್ಟು ಜನ ಶಿಬಿರಗಳಲ್ಲಿದ್ದರು, ಆ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಉಳಿದ 31 ಲಕ್ಷದಷ್ಟು ಜನ ಬಂಧುಗಳ, ಪರಿಚಿತರ ಮನೆಗಳಲ್ಲಿದ್ದರು. ಅವರ ಚಿತ್ರಗಳಿಲ್ಲ, ಮನೆಯೊಳಗೆ ಉಂಡು ಮಲಗಿದವರ ಚಿತ್ರವನ್ನು ಯಾರು ತೆಗೆಯುತ್ತಾರೆ? ಅಂಥ ದೊಡ್ಡ ಸಂಖ್ಯೆಯ ಮನೆವಾಸ ಬಂಗಾಳದ ಬಡ ಮನೆಗಳಲ್ಲಿ ಸದ್ದಿಲ್ಲದೆ ನಡೆದುಹೋಗಿದೆ. ಆದರೆ ಅಲ್ಲಿ ಭಾಷೆ ಒಂದೇ ಇತ್ತು, ಏನಾಗಬೇಕು ಎಂದರೆ ಹೇಳಲು ಏನಾದರೊಂದು ಸಂಬಂಧವಿತ್ತು ಎಂಬುದನ್ನೂ ಜೊತೆಗೇ ಹೇಳಬೇಕು.

ಹಾಗೆ ಪೂರ್ವ ಬಂಗಾಳದಿಂದ ಬಂದವರಲ್ಲಿ ಕೆಲವು ನೂರು ಕುಟುಂಬಗಳನ್ನು ಸರ್ಕಾರ ನಮ್ಮ ಸಿಂಧನೂರು ತಾಲ್ಲೂಕಿಗೆ ಕಳುಹಿಸಿ ನೆಲೆ ಕೊಟ್ಟಿತು. ಪುನರ್ವಸತಿಗೆ ಇಂಗ್ಲಿಷಿನಲ್ಲಿರುವ 'ರಿಹ್ಯಾಬಿಲಿಟೇಶನ್' ಎಂಬ ಪದದಿಂದ ಅವು ಆರ್.ಎಚ್. ಕ್ಯಾಂಪುಗಳಾದವು, ಜನರ ಬಾಯಲ್ಲಿ ಆರೆಚ್ ಕ್ಯಾಂಪು, ನಂಬರು ಇಂತಿಷ್ಟು. ನಮ್ಮ ಕಡೆಯಲ್ಲಿ ಕ್ಯಾಂಪು ಎಂದರೆ ಯಾರಿಗೂ ಡೇರೆ ನೆನಪಾಗುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಭೂಮಿ ಕೊಂಡವರು ಗದ್ದೆಯ ನಡುವೆ ಮನೆ ಕಟ್ಟಿಕೊಂಡ ಊರುಗಳೆಲ್ಲ ನಮಗೆ ಕ್ಯಾಂಪುಗಳೇ. ಗಂಗಾವತಿಯ ಶ್ರೀರಾಮನಗರ, ನಮ್ಮ ಗಾಂಧಿನಗರ ಎಲ್ಲವೂ ಹಾಗೆಯೇ ಬೆಳೆದವು. ಆದರೆ ಎರಡು ಬಗೆಯ ಕ್ಯಾಂಪುಗಳ ನಡುವಿನ ವ್ಯತ್ಯಾಸ ನ್ಯಾಯಾಲಯದಲ್ಲಿ ಗೊತ್ತಾಗುತ್ತಿತ್ತು. ಆಂಧ್ರದ ಕ್ಯಾಂಪಿನವರು ಪಹಣಿ ತರುತ್ತಿದ್ದರು, ಆರೆಚ್ ಕ್ಯಾಂಪಿನ ಎಷ್ಟೋ ಮಂದಿ ಹಳೆಯ ನಿರಾಶ್ರಿತ ಪತ್ರದ ಮಡಿಕೆ ಹರಿದ ಪ್ರತಿ ತರುತ್ತಿದ್ದರು. ಇಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ನನಗಿಂತ ಚೆನ್ನಾಗಿ ಭತ್ತದ ತಳಿಗಳ ಹೆಸರು ಹೇಳಬಲ್ಲವರಿಗೂ ಪೌರತ್ವದ ಕಾಗದ ಇರಲಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದ ಮೇಲೆ, ಆ ವರ್ಷದ ಆಗಸ್ಟ್‌ನಲ್ಲಿ ಇಲ್ಲಿನ ಐವರಿಗೆ ಪೌರತ್ವ ಸಿಕ್ಕಿತೆಂದು ಸುದ್ದಿಯಾಯಿತು. ಧರ್ಮ ನೋಡಿ ಪೌರತ್ವ ಕೊಡುವ ಆ ಕಾಯ್ದೆಯ ಬಗ್ಗೆ ನನಗೆ ತಕರಾರಿದೆ. ದಶಕಗಟ್ಟಲೆ ಕಾದ ಆ ಐವರ ಬಗ್ಗೆ ಇಲ್ಲ. ಶಿಬಿರದ ದೋಷ ಇದೇ ಎಂದು ನನಗನ್ನಿಸುತ್ತದೆ: ಶಿಬಿರ ಎಷ್ಟೇ ಸುಖವಾಗಿರಲಿ, ಬಂದವರನ್ನು ಬಂದವರಾಗಿಯೇ ಮೊಮ್ಮಕ್ಕಳ ಕಾಲದವರೆಗೆ ಇಡುತ್ತದೆ.

ಹಾಗೆಂದು ಮನೆಯನ್ನು ಹೊಗಳಿ ಮುಗಿಸಲಾರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯಲ್ಲಿ ಹೊಳೆಸಾಲಿನ ಹಳ್ಳಿಗಳು ಮುಳುಗಿದಾಗ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ನಾಲ್ಕು ಜನರ ಒಂದು ಕುಟುಂಬವನ್ನು ಹತ್ತೊಂಬತ್ತು ದಿನ ಇರಿಸಿಕೊಂಡಿದ್ದೆವು. ಶಾಲೆಯಲ್ಲಿ ನಡೆಯುತ್ತಿದ್ದ ಗಂಜಿ ಕೇಂದ್ರದಿಂದ ಅವರನ್ನು ನಾನೇ ಕರೆತಂದಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ. ಆ ಮನುಷ್ಯ ಮೆಟ್ಟಿಲಿಳಿದು ಹೊರಟಾಗಲೆಲ್ಲ ನಾನು ಪತ್ರಿಕೆಯಿಂದ ತಲೆಯೆತ್ತಿ, "ಎಲ್ಲಿಗೆ ಹೊಂಟ್ರಿ?" ಎನ್ನುತ್ತಿದ್ದೆ. ನನ್ನ ಪಾಲಿಗೆ ಅದು ಮಾತಾಡಿಸುವ ಒಂದು ರೀತಿ. ಹನ್ನೆರಡನೆಯ ದಿನವೋ ಏನೋ, ಆತ ಬಾಗಿಲ ಬಳಿ ನಿಂತು, ಬಹಳ ಮೆಲ್ಲಗೆ, "ಗಂಜಿ ಕೇಂದ್ರದಾಗ ಇದನ್ನ ಯಾರೂ ಕೇಳ್ತಿದ್ದಿಲ್ರೀ ಸಾಹೇಬ್ರ" ಎಂದ. ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿಡುವುದೂ ತಿಳಿಯದೆ ಕುಳಿತೆ. ಗೋಡೆ, ಗೇಟು, ಕಾವಲುಗಾರ ಏನೂ ಇಲ್ಲದೆ, ಬರೀ ಒಂದು ಪ್ರಶ್ನೆಯಿಂದ ನಾನು ಅವನ ಹೋಗುಬರುವಿಕೆಗೆ ಲೆಕ್ಕ ಇಟ್ಟಿದ್ದೆ. ಅವನು ಅನ್ನ ಉಣ್ಣುತ್ತಿದ್ದುದರಿಂದ ಉತ್ತರ ಕೊಡುತ್ತಿದ್ದ. ನೆರೆ ಇಳಿದ ಮೇಲೆ ಅವರಿಗೆ 'ಆಸರೆ' ಯೋಜನೆಯಲ್ಲಿ ಮನೆ ಸಿಕ್ಕಿತು, ಇಂದಿಗೂ ಎದುರು ಸಿಕ್ಕರೆ ಚೆನ್ನಾಗಿಯೇ ಮಾತಾಡುತ್ತಾನೆ. ನಾನು ಮಾತ್ರ ಎಲ್ಲಿಗೆ ಹೊರಟಿರಿ ಎಂದು ಅವನನ್ನು ಕೇಳುವುದಿಲ್ಲ.

ಆದ್ದರಿಂದ ಬಂಧನಕ್ಕೆ ಬದಲಾಗಿ ಮನೆ ಎನ್ನುವವರು ಮನೆಯವರನ್ನು ಕಾವಲುಗಾರರನ್ನಾಗಿ ಮಾಡುವ ಯಾವ ನಿಯಮವನ್ನೂ ಒಪ್ಪಬಾರದು. ಠಾಣೆಗೆ ಹಾಜರಿ ಹಾಕುವ ಹೊಣೆ ಬಂದವನದಾಗಿರಲಿ, ವರದಿ ಕೊಡುವ ಹೊಣೆ ಮನೆಯವನದಾಗಬಾರದು. ಅಸ್ಸಾಮಿನ ಆದೇಶದಲ್ಲಿ ಹಾಜರಿ ಬಿಡುಗಡೆಯಾದವನದೇ ಆಗಿತ್ತು, ಅದು ಸರಿಯಾದ ಹಂಚಿಕೆ. ಮನೆಯವರಿಗೆ ಸಾಕೆನಿಸಿದರೆ ಅಥವಾ ಬಂದವನಿಗೇ ಸಾಕೆನಿಸಿದರೆ ಇನ್ನೊಂದು ಮನೆ ಸಿಗಬೇಕು. ಹೊರಟ ಮನೆಯಿಂದ ನೇರವಾಗಿ ಬಂಧನ ಕೇಂದ್ರಕ್ಕೆ ಕಳುಹಿಸುವಂತಿದ್ದರೆ ಆತ ಎಂಥ ಅವಮಾನವನ್ನಾದರೂ ನುಂಗಿಕೊಂಡು ಅಲ್ಲೇ ಇರುತ್ತಾನೆ. ಮನೆಯವರಲ್ಲದ, ಪೊಲೀಸರೂ ಅಲ್ಲದ ಮೂರನೆಯವರೊಬ್ಬರು ಹದಿನೈದು ದಿನಕ್ಕೊಮ್ಮೆ ಬಂದು, ಮನೆಯವರನ್ನು ಹೊರಗೆ ಕೂರಿಸಿ, ಅವನೊಬ್ಬನನ್ನೇ ಮಾತಾಡಿಸಬೇಕು. ಮತ್ತು, ನಮ್ಮ ಸೀಮೆಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು, ಕೂಲಿ ಕೊಡದೆ ಹೊಲದ ಕೆಲಸ ಮಾಡಿಸಿಕೊಳ್ಳುವಂತಿಲ್ಲ. ಹತ್ತೆಕರೆ ಗದ್ದೆ ಇದ್ದವರ ಮನೆಯಲ್ಲಿ ಕಾಗದವಿಲ್ಲದ, ದೂರು ಕೊಡಲು ಭಾಷೆಯಿಲ್ಲದ ಒಬ್ಬ ಗಟ್ಟಿಮುಟ್ಟಾದ ಯುವಕನಿದ್ದರೆ ನಾಟಿಯ ಹೊತ್ತಿಗೆ ಅವನು ಎಲ್ಲಿರುತ್ತಾನೆಂದು ನಮಗೆಲ್ಲ ಗೊತ್ತು. ಜೀತವನ್ನು ರದ್ದುಮಾಡಿದ ಕಾನೂನು 1976ರದು. ಅನ್ನ ಹಾಕುತ್ತೇವಲ್ಲ ಎಂಬ ಮಾತು ಅದಕ್ಕಿಂತ ಹಳೆಯದು.

ಇನ್ನೊಂದು ಕಹಿ ವಿಷಯ. ಬಾಡಿಗೆಗೆ ಮನೆ ಕೇಳಲು ಹೋದವನನ್ನು "ನೀವು ಯಾವ ಪೈಕಿ?" ಎಂದು ಬಾಗಿಲಲ್ಲೇ ಕೇಳುವ ಊರುಗಳಲ್ಲಿ ನಾವಿದ್ದೇವೆ. ರಾಯಚೂರಿನಲ್ಲಾಗಲಿ, ಕೊಪ್ಪಳದಲ್ಲಾಗಲಿ, ಬಳ್ಳಾರಿಯಲ್ಲಾಗಲಿ ವರ್ಗವಾಗಿ ಬಂದ ನೌಕರರನ್ನು ಕೇಳಿದರೆ ಈ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಜಾತ್ರೆಯಲ್ಲಿ ಲಕ್ಷ ಜನಕ್ಕೆ ದಾಸೋಹ ಮಾಡುವ ನಾಡು ನಮ್ಮದು ಎಂದು ಹೆಮ್ಮೆಪಡುವುದು ಸರಿಯೇ. ಆದರೆ ದಾಸೋಹದಲ್ಲಿ ಉಂಡವರು ಎದ್ದು ಹೋಗುತ್ತಾರೆ, ಬಚ್ಚಲು ಹಂಚಿಕೊಳ್ಳುವುದಿಲ್ಲ. ಅಪರಿಚಿತರನ್ನು ಮನೆಯೊಳಗೆ ಇರಿಸಿಕೊಳ್ಳುವ ಯೋಜನೆ ಇಲ್ಲಿ ಬಂದರೆ, ಬರುವವರ ಪಟ್ಟಿಯಲ್ಲಿ ಯಾರನ್ನು ನಾವು ಆರಿಸಿಕೊಳ್ಳುತ್ತೇವೆ ಎಂಬುದರ ಬಗ್ಗೆ ನನಗೆ ಭ್ರಮೆಯಿಲ್ಲ. ಆದ್ದರಿಂದ ಆಯ್ಕೆ ಮನೆಯವರ ಕೈಯಲ್ಲಿರಬಾರದು. ಇಷ್ಟು ಜನಕ್ಕೆ ಜಾಗವಿದೆ, ಹೆಂಗಸರಾದರೆ ಸರಿ, ಮಕ್ಕಳಿದ್ದರೂ ಆದೀತು ಎಂಬಷ್ಟನ್ನು ಹೇಳುವ ಹಕ್ಕು ಸಾಕು.

ಇವತ್ತಿನ ಕಾನೂನಿನಲ್ಲಿ ಇದೆಲ್ಲ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಆನೆಗೊಂದಿಗೆ ಹೋಗಿ ನೋಡಬೇಕು. ಕೊಪ್ಪಳ ಜಿಲ್ಲೆಯ ಆ ಊರಿನಲ್ಲಿ, ಹಂಪಿ ನೋಡಲು, ಬಂಡೆ ಹತ್ತಲು ಬಂದ ಫ್ರಾನ್ಸಿನವರನ್ನೂ ಇಸ್ರೇಲಿನವರನ್ನೂ ಮನೆಯ ಕೋಣೆಯಲ್ಲಿರಿಸಿಕೊಂಡು ಅಕ್ಕಿರೊಟ್ಟಿ, ಚಟ್ನಿ ಬಡಿಸುವವರಿದ್ದಾರೆ. ವಿದೇಶಿ ಬಂದ 24 ಗಂಟೆಯೊಳಗೆ ಅವನ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ನಿಗದಿತ ಅರ್ಜಿಯಲ್ಲಿ ತುಂಬಿ ಕಳುಹಿಸಬೇಕು ಎಂಬುದು ಅಲ್ಲಿನ ಹತ್ತನೇ ತರಗತಿ ಓದಿದ ಮಗಳಿಗೂ ಗೊತ್ತಿರುತ್ತದೆ. ಅಂದರೆ ಪರದೇಶದವನನ್ನು ಮನೆಯಲ್ಲಿರಿಸಿ ಸರ್ಕಾರಕ್ಕೆ ತಿಳಿಸುವ ಪದ್ಧತಿ, ಅದಕ್ಕೆ ಬೇಕಾದ ಅರ್ಜಿ, ಗಣಕಯಂತ್ರ, ಅಭ್ಯಾಸ ಎಲ್ಲವೂ ನಮ್ಮಲ್ಲಿವೆ. ಆದರೆ ಅರ್ಜಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆಯ ಅಂಕಣ ಖಾಲಿ ಉಳಿದರೆ, ಅದೇ ರೊಟ್ಟಿ ಬಡಿಸಿದ ಮನೆಯವರು ಆತಿಥೇಯರಾಗಿ ಉಳಿಯುವುದಿಲ್ಲ, ಅಕ್ರಮಕ್ಕೆ ಆಶ್ರಯ ಕೊಟ್ಟವರಾಗುತ್ತಾರೆ. ಹಣಕ್ಕಾಗಿ ಇರಿಸಿಕೊಂಡರೆ ಉದ್ಯಮ, ಮನುಷ್ಯನೆಂದು ಇರಿಸಿಕೊಂಡರೆ ಅಪರಾಧ. ಯಾವ ಪ್ರಾಧಿಕಾರವಾದರೂ ನಂಬಿಕಸ್ಥ ಮನೆಗಳ ಪಟ್ಟಿ ಮಾಡಿ, ಬಂಧನದಲ್ಲಿರುವ ವ್ಯಕ್ತಿಯನ್ನು ಲಿಖಿತ ಆದೇಶದ ಮೇಲೆ ಅಲ್ಲಿಗೆ ಕಳುಹಿಸಿ, ಊಟದ ಖರ್ಚನ್ನು ಕೊಟ್ಟರೆ ಮನೆಯವರ ಮೇಲಿನ ಈ ತೂಗುಕತ್ತಿ ಇಳಿಯುತ್ತದೆ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿ 'ಪ್ರಜೆ' ಎನ್ನುವುದಿಲ್ಲ, 'ಯಾವುದೇ ವ್ಯಕ್ತಿ' ಎನ್ನುತ್ತದೆ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದನ್ನು ಒಂದು ಕೋಣೆಯವರೆಗೆ ತರುವ ಕೆಲಸ ಬಾಕಿ ಇದೆ.

ಕಸುಬಿನ ಚಟದಿಂದ ನಾನು ಅಂಥದೊಂದು ಕರಾರಿನ ಕರಡು ಬರೆದಿದ್ದೇನೆ, ನಮ್ಮ ಮಾಳಿಗೆಯ ಅದೇ ಕೋಣೆಯನ್ನು ಕಣ್ಣಮುಂದಿಟ್ಟುಕೊಂಡು. ನಾಲ್ಕು ಪುಟ, ಹದಿನಾಲ್ಕು ಕಲಮು. ಪ್ರತ್ಯೇಕ ಕೀಲಿ, ಪ್ರತ್ಯೇಕ ಒಲೆ, ಹೋಗುಬರುವಿಕೆಯನ್ನು ಪ್ರಶ್ನಿಸತಕ್ಕದ್ದಲ್ಲ ಎಂಬ ಕಲಮು, ಕೂಲಿಯ ಕಲಮು, ಎಲ್ಲ ಇವೆ. ಜಾಮೀನು ಪತ್ರದಲ್ಲಿರುವ ಸಂಬಂಧದ ಅಂಕಣವನ್ನು ಬೇಕೆಂದೇ ಕೈಬಿಟ್ಟಿದ್ದೇನೆ. ಹೆಂಡತಿಗೆ ಓದಲು ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, "ಮೀನ ಮಾಡೋರು ಬಂದ್ರ?" ಎಂದಳು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ. ಆರನೇ ಕಲಮು ತೋರಿಸಿ, ಒಲೆ ಬೇರೆ ಇರುತ್ತದಲ್ಲ ಎಂದೆ. "ಒಲಿ ಬ್ಯಾರೆ ಆದ್ರೇನ್ರೀ, ಗಾಳಿ ಒಂದ ಅಲ್ಲೇನು?" ಎಂದು ಕಾಗದ ವಾಪಸು ಕೊಟ್ಟು ಒಳಗೆ ಹೋದಳು. ಆ ಕಲಮನ್ನು ನಾನಿನ್ನೂ ಬರೆದಿಲ್ಲ.